ಹಿಮದ ಮೆಟ್ಟಿಗೆ ತೆಂಗಿನಗುಂಡಿಯ ಗಂಟು

ಬೆಳಗಿನ ಆರು ಗಂಟೆ. ಭಟ್ಕಳದ ತೆಂಗಿನಗುಂಡಿ ಬಂದರಿನಲ್ಲಿ ದೋಣಿಗಳಿಂದ ಮೀನಿನ ಬುಟ್ಟಿ ಇಳಿಯುತ್ತಿವೆ. ಪಕ್ಕದ ಶೆಡ್ಡಿನಲ್ಲಿ ಬಂಗಾರಿ ಮೊಗೇರ ಎರಡು ಕಲ್ಲುಗಳ ಮೇಲೆ ಬೆತ್ತದ ಚೌಕಟ್ಟೊಂದನ್ನು ಅಡ್ಡ ಇಟ್ಟು, ಅದರ ನಡುವಿನ ಹೆಣಿಗೆಯ ಮೇಲೆ ಹತ್ತಿ ನಿಲ್ಲುತ್ತಾರೆ. ಒಮ್ಮೆ ಕುಪ್ಪಳಿಸುತ್ತಾರೆ. ಅರವತ್ತೊಂದರ ಹೆಂಗಸು ಹೀಗೆ ಹಾರುವುದನ್ನು ಕಂಡು ಮೀನು ಕೊಳ್ಳಲು ಬಂದವರು ನಗುತ್ತಾರೆ. ಬಂಗಾರಿ ನಗುವುದಿಲ್ಲ. ಬಗ್ಗಿ, ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಆತು, ಜಾರ್ಲಿಲ್ಲ" ಎನ್ನುತ್ತಾರೆ.

ಅದು ಸ್ನೋಶೂ. ಮೆತ್ತನೆಯ ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನಡಿ ಕಟ್ಟಿಕೊಳ್ಳುವ ಅಗಲದ ಮೆಟ್ಟು. ಕೆನಡಾದಲ್ಲಿ, ಯುರೋಪಿನ ಪರ್ವತಗಳಲ್ಲಿ, ಜಪಾನಿನಲ್ಲಿ ಮನೆಮಂದಿಯೆಲ್ಲ ಇದನ್ನು ಕಟ್ಟಿಕೊಂಡು ರಜೆಯಲ್ಲಿ ಅಡ್ಡಾಡುತ್ತಾರೆ. ನಮ್ಮ ಹಿಮಾಚಲ, ಕಾಶ್ಮೀರಗಳಿಗೆ ಈ ಖಯಾಲಿ ಈಗೀಗ ಹತ್ತುತ್ತಿದೆ. ಬಂಗಾರಿಗೆ ಇದು ಇಂದಿಗೂ ಅರಗಿಲ್ಲ. "ಮೀನಿಲ್ಲ, ಕೆಲ್ಸಿಲ್ಲ, ಬರೀ ನಡೂಕೆ ಅಷ್ಟು ದೂರ ಹೋತ್ರಾ?"

ಹನ್ನೆರಡನೇ ವಯಸ್ಸಿನಿಂದ ಬಲೆ ರಿಪೇರಿ ಮಾಡಿದ ಕೈ ಅವರದು. ಹಗ್ಗ ಕೊಯ್ದ ಗೆರೆಗಳು ಬೆರಳ ತುಂಬ. ಕುಮಟೆಯ ಸುಹಾಸ ಹೆಗಡೆ ಚಳಿಗಾಲದಲ್ಲಿ ಹಿಮಾಚಲಕ್ಕೆ ಹೋಗಿ ಪ್ರವಾಸಿಗರಿಗೆ ದಾರಿ ತೋರಿಸುವವರು. ಒಂದು ಮಳೆಗಾಲ ಬಂದರಿನಲ್ಲಿ ಆ ಕೈಚಳಕ ಕಂಡು, ಅಲ್ಲಿನ ಹೋಟೆಲಿನ ಗೋಡೆಗೆ ಅಂದಕ್ಕೆ ತೂಗುಹಾಕಲು ಇದೇ ಆಕಾರದ ಹತ್ತು ಚೌಕಟ್ಟು ಹೆಣೆಸಿದರು. ಬಲೆಯ ಜೋಡಿಗಂಟು ದಪ್ಪಗೆ ಕಾಣುತ್ತದೆಂದು ಬಂಗಾರಿ ಒಂಟಿಗಂಟು ಹಾಕಿ ತುದಿ ಮುಚ್ಚಿದರು. ಮರುವರ್ಷ ಇಪ್ಪತ್ನಾಲ್ಕು ಚೌಕಟ್ಟು ಬಂದವು. "ಅದೇ ಥರ ಮಾಡಿ" ಎಂದರು ಸುಹಾಸ. ಈ ಸಲ ಕಾಲಿಗೆ ಕಟ್ಟಲು ಎಂಬುದು ಬಂಗಾರಿಗೆ ಗೊತ್ತಿದೆ ಎಂದೇ ಅವರು ತಿಳಿದಿದ್ದರು.

ಎರಡು ವರ್ಷದ ಹಿಂದಿನ ಜನವರಿಯ ಒಂದು ಮಧ್ಯಾಹ್ನ. ಸೊಸೆ ವಿನುತಾ ಮೊಬೈಲಿನಲ್ಲಿ ಸುಹಾಸ ಕಳಿಸಿದ ವಿಡಿಯೋ ತೋರಿಸಿದಳು. ಬೆಳ್ಳನೆಯ ಬಯಲಿನಲ್ಲಿ ಹನ್ನೆರಡು ಮಂದಿ ನಡೆಯುತ್ತಿದ್ದಾರೆ. ಅವರ ಕಾಲಡಿ ಬಂಗಾರಿಯ ಹೆಣಿಗೆ!

"ಸುಹಾಸಂಗೆ ಈಗ್ಲೇ ಫೋನ್ ಹಚ್ಚು ಅಂದೆ" ಎನ್ನುತ್ತಾರೆ ಬಂಗಾರಿ. ವಿನುತಾ ಹಚ್ಚಿಕೊಟ್ಟಳು.

"ಎಂತದಾ ಇದು? ಕಾಲಿಗೆ ಕಟ್ಟಿದ್ಯನಾ?"

"ಹೌದು ಬಂಗಾರಕ್ಕಾ, ಚಲೋ ಆಯ್ದು! ನಾಳೆ ಬೆಳಗ್ಗೆ ಇದ್ರಲ್ಲೇ ಇಳಿಜಾರು ದಾಟ್ತ್ರು."

"ದಾಟಿಸ್ಬೇಡ! ಬಿಚ್ಸು ಎಲ್ಲಾನೂ! ನಾ ಹಾಕಿದ್ದು ಗೋಡೆಗೆ ತೂಗಾಕೂ ಗಂಟು. ಒದ್ದೆ ಆಗಿ ಭಾರ ಬಿದ್ರೆ ಜಾರ್ತದೆ. ನಂಬ್ಕೆ ಇಲ್ದಿದ್ರೆ ಎರಡು ಕಲ್ಲಿನ ಮೇಲಿಟ್ಟು ಹತ್ತಿ ನಿಲ್ಲು."

ಸುಹಾಸ ಆ ಸಂಜೆಯೇ ಹತ್ತಿ ನಿಂತರು. ಎರಡು ಮೆಟ್ಟು ತಡೆದುಕೊಂಡವು. ಮೂರನೆಯದರಲ್ಲಿ ಹೆಣಿಗೆ ಸರಿದು ಕಾಲು ಕಣಕಾಲಿನ ತನಕ ಕೆಳಗಿಳಿಯಿತು. ಇಪ್ಪತ್ನಾಲ್ಕರಲ್ಲಿ ಐದು ಹೀಗೆ ಕೈಕೊಟ್ಟವು. "ಆ ಇಳಿಜಾರಿನಲ್ಲಿ ಯಾರಾದ್ರೂ ಹೂತ್ರೆ, ಎಳೆಯೂಲೆ ಹೋದವ್ರೂ ಹೂತ್ಕೊಳ್ತಿದ್ರು" ಎಂದರು ಸುಹಾಸ, ನನ್ನೊಂದಿಗೆ ಮಾತಾಡುತ್ತ. ಮರುದಿನ ಯಾರೂ ಇಳಿಜಾರು ದಾಟಲಿಲ್ಲ.

ಕಾರ್ಖಾನೆಯ ಅಲ್ಯೂಮಿನಿಯಂ ಮೆಟ್ಟು ತರಿಸುತ್ತೇನೆಂದರು ಸುಹಾಸ. ಬಂಗಾರಿ ಒಪ್ಪಲಿಲ್ಲ, ಇಪ್ಪತ್ನಾಲ್ಕನ್ನೂ ವಾಪಸ್ ತರಿಸಿದರು. ಜಾರದೆ ಉಳಿದಿದ್ದನ್ನೂ ಬಿಡದೆ ಬ್ಲೇಡಿನಿಂದ ಕತ್ತರಿಸಿ, ಹೊಸ ಹಗ್ಗ ಹಾಕಿ ಜೋಡಿಗಂಟಿನಲ್ಲಿ ಹೆಣೆದರು. "ಬಲೆ ಹರಿದ್ರೆ ಮೀನು ಹೋತದೆ. ಇದು ಹರಿದ್ರೆ ಯಾರದೋ ಮನೆಯವ್ರೇ ಹೋತ್ರು. ಮೊದ್ಲು ಕೇಳ್ಬೇಕಿತ್ತು, ಎಂತಕ್ಕೆ ಇದು ಅಂತ. ತಪ್ಪು ನಂದೂ ಇತ್ತು."

ಈಗ ಒಂದು ಮೆಟ್ಟಿಗೆ ನೂರ ಎಂಬತ್ತಾರು ಗಂಟು, ಒಂದೂವರೆ ದಿನದ ಕೆಲಸ. ಕಳೆದ ಚಳಿಗಾಲಕ್ಕೆ ಹೋದದ್ದು ನಲವತ್ತು ಜೊತೆ. ಎಲ್ಲವನ್ನೂ ಹತ್ತಿ ನಿಂತು ನೋಡಿಯೇ ಕಳಿಸಿದ್ದಾರೆ.

ಒಮ್ಮೆ ಬಂದು ಹಿಮ ನೋಡಿ ಎಂದು ಸುಹಾಸ ಕರೆಯುತ್ತಲೇ ಇದ್ದಾರೆ. ಹೋಗುತ್ತೀರಾ ಎಂದು ಕೇಳಿದೆ. ಬಂಗಾರಿ ಇಲ್ಲವೆಂದು ತಲೆಯಾಡಿಸಿದರು.

"ಹಿಮ ನೋಡಿ ನಂಗೆಂತ ಆಗ್ಬೇಕು? ಒಂದು ಜೊತೆ ಪೂರಾ ಸವೆದು ಹರಿದ್ರೆ ಕಳ್ಸಿ ಅಂದಿದ್ದೆ. ಮೊದ್ಲು ಎಲ್ಲಿ ಹರೀತದೆ ನೋಡ್ಬೇಕು ಅಂತ. ಎರಡು ಚಳಿಗಾಲ ಆತು. ಇನ್ನೂ ಒಂದೂ ಬರ್ಲಿಲ್ಲ."