ಕಹಳೆಗೆ ಮುಂಚಿನ ಉಸಿರು

ನಲವತ್ತಾರು ವರ್ಷ ಸಂಸಾರ ಮಾಡಿದ ಕಲಿಪಾ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಕಿರ್ಗಿಜ್ ನಾಡಿನ ನರೀನ್ ಬೆಟ್ಟದ ಕಡೆಯಿಂದ ಬಂದ ಸೊಸೆಯರು ಹಾಗೆಯೇ. ಕರೆಯಬೇಕಾದಾಗ "ಏನ್ರೀ", ಬೇರೆಯವರ ಎದುರಿಗೆ "ನಮ್ಮನೆಯವ್ರು". ಫೆಬ್ರವರಿಯಲ್ಲಿ ಅವನು ತೀರಿಹೋದಾಗ ಸಾವಿಗೆಂದು ಅಂಗಳದಲ್ಲಿ ಹಾಕಿದ್ದ ಡೇರೆಯ ಗೋಡೆಗೆ ಮುಖ ಮಾಡಿ ಕೂತು ಮೂರು ದಿನ ಹಾಡಿ ಹಾಡಿ ಅತ್ತಳು. ನನ್ನ ಗಿಡುಗವೇ ಎಂದಳು, ಇಳಿಜಾರಿನ ಒಂಟಿ ಮರವೇ ಎಂದಳು. ಹೆಸರು ಮಾತ್ರ ಆಗಲೂ ಬರಲಿಲ್ಲ.

ಅವನು ಬಿಷ್ಕೆಕ್‌ನ ಸಿನಿಮಾ ಸ್ಟುಡಿಯೊದ ವಾದ್ಯವೃಂದದಲ್ಲಿ ಸುರುಳಿ ಸುತ್ತಿದ ಹಿತ್ತಾಳೆಯ ಕಹಳೆ ಊದುತ್ತಿದ್ದ. ಅವಳು ಅದೇ ಸ್ಟುಡಿಯೊದಲ್ಲಿ ವೇಷಭೂಷಣ ಹೊಲಿಯುತ್ತಿದ್ದಳು. ಎಪ್ಪತ್ತರ ದಶಕದ ಒಂದು ಚಿತ್ರದಲ್ಲಿ ಕುರುಬನೊಬ್ಬ ಸತ್ತ ಕುದುರೆಯ ಜೀನು ಹೊತ್ತು ಕಣಿವೆ ಇಳಿಯುತ್ತಾನೆ. ಮಾತಿಲ್ಲ, ಬರೀ ಕಹಳೆ. ಆ ಕಹಳೆಯನ್ನು ಕೇಳಿ ಅಳದ ಕಿರ್ಗಿಜ್ ಮನುಷ್ಯನಿಲ್ಲ. ಚಿತ್ರದ ಕೊನೆಯಲ್ಲಿ ಹೆಸರುಗಳು ಬರುತ್ತವೆ: ಕುದುರೆ ಕೊಟ್ಟ ಕೃಷಿ ಕ್ಷೇತ್ರದ ಹೆಸರಿದೆ, ಲಾರಿ ಕೊಟ್ಟ ಇಲಾಖೆಯ ಹೆಸರಿದೆ. ಊದಿದವನ ಹೆಸರಿಲ್ಲ. ಕುದುರೆಗೆ ಸಿಕ್ಕ ಮರ್ಯಾದೆ ಮನುಷ್ಯನಿಗೆ ಸಿಗಲಿಲ್ಲ. ಐವತ್ತು ವರ್ಷ ಇಡೀ ದೇಶ ಅವನಿಂದ ಕಣ್ಣೀರು ಹಾಕಿಸಿಕೊಂಡಿತು, ನೀನು ಯಾರಪ್ಪಾ ಎಂದು ಒಬ್ಬರೂ ಕೇಳಲಿಲ್ಲ.

ಈ ಮೇ ತಿಂಗಳಲ್ಲಿ ಓಕ್ ಮರಗಳ ಉದ್ಯಾನದಲ್ಲಿ ಹಳೆಯ ಚಿತ್ರಗಳ ಸಂಗೀತ ಕಛೇರಿ ಎಂದು ಫಲಕ ಹಾಕಿದರು. ತೆರೆಯ ಮೇಲೆ ದೃಶ್ಯ ಓಡುತ್ತದಂತೆ, ಕೆಳಗೆ ದೊಡ್ಡ ವಾದ್ಯವೃಂದ ನುಡಿಸುತ್ತದಂತೆ. ಕುರುಬನ ದೃಶ್ಯವೂ ಪಟ್ಟಿಯಲ್ಲಿತ್ತು. ಕಲಿಪಾಳಿಗೆ ಒಂದೇ ಆಸೆ: ಆ ಕಹಳೆ ಮುಗಿದ ಮೇಲೆ ಮೈಕಿನಲ್ಲಿ ಅವನ ಹೆಸರನ್ನು ಒಂದು ಸಲ ಹೇಳಬೇಕು. ಅಷ್ಟೇ. ಅದನ್ನೇ ಕೇಳಿಕೊಳ್ಳಲು ಕಛೇರಿ ನಡೆಸುವವರ ಮೂರನೇ ಮಹಡಿಯ ಆಫೀಸು ಹತ್ತಿದಳು. ಅಲ್ಲಿದ್ದ ಹುಡುಗಿ ಅಮ್ಮಾ ಎನ್ನುವ ಹಾಗೆ ಅಪಾ ಎಂದಳೇ ಹೊರತು ಕಂಪ್ಯೂಟರ್‌ನಿಂದ ಕಣ್ಣು ತೆಗೆಯಲಿಲ್ಲ.

"ಊದಿದ್ದು ಯಾರು ಅಪಾ? ಹೆಸರು ಹೇಳಿ."

ಕಲಿಪಾ ಕೈಚೀಲದಿಂದ ಗಂಡನ ಹೆಸರು ಬರೆದಿದ್ದ ಹಳೆಯ ನೌಕರಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

"ಪುಸ್ತಕ ಯಾಕೆ? ಬಾಯಲ್ಲೇ ಹೇಳಿ, ಟೈಪ್ ಮಾಡ್ಕೋತೀನಿ."

"ನಮ್ಮನೆಯವ್ರು."

"ಮನೆಯವ್ರು ಅಂದ್ರೆ?"

"ಅದೇ... ನಮ್ಮ ಮಗಳು ಐನೂರಾಳ ಅಪ್ಪ."

ಹುಡುಗಿ ನಕ್ಕಳು. "ಆಯ್ತು ಬಿಡಿ ಅಪಾ, ನಿರೂಪಕರಿಗೆ ಗೊತ್ತಿರುತ್ತೆ. ಹೇಳ್ತಾರೆ."

ಮನೆಯಲ್ಲಿ ಗಂಡನ ಅಕ್ಕ ಜೂರಾ ಕಾದು ಕೂತಿದ್ದಳು. ಕಲಿಪಾಳ ಬಾಯಲ್ಲಿ ಅವಳು ಎಜೆ, ಎಂದರೆ ಅಕ್ಕ. ಎಂಬತ್ತು ದಾಟಿದವಳು. ಮೊಣಕಾಲು ಹೋಗಿದ್ದರೂ ನಾಲಿಗೆ ಹೋಗಿರಲಿಲ್ಲ.

"ಹೇಳಿದ್ಯಾ?"

"ಹೇಳ್ದೆ ಎಜೆ."

"ಏನಂತ?"

"ನಮ್ಮನೆಯವ್ರು ಅಂತ."

"ಥೂ ನಿನ್ನ! ಈ ಊರಲ್ಲಿ ಎಷ್ಟು ಲಕ್ಷ ಮನೆ, ಎಷ್ಟು ಲಕ್ಷ ಮನೆಯವ್ರು! ಪುಸ್ತಕ ಬಿಚ್ಚಿ ಬೆರಳಿಟ್ಟು ತೋರ್ಸೋಕೆ ಏನಾಗಿತ್ತೇ?"

"ಮುಂದೇನೇ ಇಟ್ಟೆ. ಅವಳು ನೋಡ್ಲೇ ಇಲ್ಲ."

"ನಂಗೆ ಮೆಟ್ಲು ಹತ್ತೋಕಾಗಿದ್ರೆ ಸತಾರ್‌ಕುಲ್, ಸತಾರ್‌ಕುಲ್ ಅಂತ ಆ ಆಫೀಸಿನ ಗಾಜು ಒಡೆಯೋ ಹಾಗೆ ಕೂಗ್ತಿದ್ದೆ. ನಾನು ಒಡಹುಟ್ಟಿದೋಳು, ನಂಗ್ಯಾವ ನಿಯಮ?" ಎಂದು ಜೂರಾ ಬೆನ್ನು ತಿರುಗಿಸಿ ಮಲಗಿದಳು. ಅವಳ ಭುಜ ಅಲುಗುತ್ತಿತ್ತು.

ಕಛೇರಿಯ ದಿನ ಸಂಜೆ ನಾಲ್ಕಕ್ಕೇ ದಕ್ಷಿಣದ ಬೆಟ್ಟಗಳು ಮೋಡದಲ್ಲಿ ಮುಳುಗಿದವು. ಇಬ್ಬರು ಮುದುಕಿಯರೂ ಟ್ಯಾಕ್ಸಿಯಲ್ಲಿ ಬಂದಿಳಿದರು. ಮೊದಲ ಮೂರು ಸಾಲು ಗಣ್ಯರಿಗೆ: ಬಿಳಿ ಚಪ್ಪರ, ಮೆತ್ತನೆಯ ಕುರ್ಚಿ, ಬಿಸಿ ಚಹಾ. ಅದರ ಹಿಂದೆ ಜನಕ್ಕೆ ಪ್ಲಾಸ್ಟಿಕ್ ಕುರ್ಚಿ, ಮೇಲೆ ಆಕಾಶ. ಸ್ಟುಡಿಯೊದಲ್ಲಿ ಬೆನ್ನು ಬಗ್ಗಿಸಿದ ಮುದುಕರೆಲ್ಲ ಆಕಾಶದ ಕೆಳಗಿದ್ದರು. ಚಪ್ಪರದಡಿ ಇದ್ದವರಲ್ಲಿ ಎಷ್ಟು ಮಂದಿ ಆ ಚಿತ್ರ ನೋಡಿದ್ದರೋ ದೇವರೇ ಬಲ್ಲ.

ಎರಡು ತುಣುಕು ಚೆನ್ನಾಗಿ ಆದವು. ಮೂರನೆಯದರ ನಡುವೆ ಹನಿ ಬಿತ್ತು. ಪಿಟೀಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರದ ವಾದ್ಯ, ನೀರು ಕುಡಿದರೆ ಅಂಟು ಬಿಡುತ್ತದೆ. ಪೆಟ್ಟಿಗೆಗೆ ಹಾಕಿಕೊಂಡು ಎದ್ದೇ ಹೋದರು. ಅದು ತಪ್ಪಲ್ಲ, ಅವರ ಹೊಟ್ಟೆಪಾಡು ಅದರಲ್ಲೇ ಇದೆ. ಆದರೆ ಆಮೇಲೆ ನಡೆದದ್ದಕ್ಕೆ ಏನು ಹೇಳೋಣ? ಹಿತ್ತಾಳೆ ವಾದ್ಯದವರಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕೂರಿಸಿದರು. ನಿರೂಪಕ ಮೈಕು ಹಿಡಿದು, "ಮಳೆಗೆ ನಾವು ಹೆದರಲ್ಲ, ಕಛೇರಿ ನಡೆಯುತ್ತೆ!" ಎಂದು ಕೂಗಿದ. ಜನ ಕೊಡೆಯಡಿ ಕೇಕೆ ಹಾಕಿದರು.

ಗಾಳಿಗೆ ಬಡಿದಾಡುತ್ತಿದ್ದ ತೆರೆಯ ಮೇಲೆ ಕುರುಬ ಕಾಣಿಸಿಕೊಂಡ. ಹಾಳೆಯ ಕೆಳಗೆ ತರುಣನೊಬ್ಬ ಕಹಳೆಯನ್ನು ತುಟಿಗಿಟ್ಟ.

ಸ್ವರಕ್ಕೆ ಮುಂಚೆ ಒಂದು ಉಸಿರು ಕೇಳಿಸಿತು. ಸಣ್ಣ ಶಿಳ್ಳೆಯಂಥ ಉಸಿರು.

ಕಲಿಪಾ ಕುರ್ಚಿಯ ಕೈ ಹಿಡಿದುಕೊಂಡಳು. ಹನ್ನೆರಡನೇ ವಯಸ್ಸಿನಲ್ಲಿ ಕುದುರೆಯಿಂದ ಬಿದ್ದು ಗಂಡನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಜೋರಾಗಿ ಉಸಿರೆಳೆದರೆ ಅಲ್ಲಿ ಗಾಳಿ ಸಿಳ್ಳೆನ್ನುತ್ತಿತ್ತು. ಧ್ವನಿಮುದ್ರಣದ ದಿನ ತಂತ್ರಜ್ಞ, "ಇದು ಕೆಟ್ಟಿತು, ಇನ್ನೊಮ್ಮೆ" ಎಂದನಂತೆ. ನಿರ್ದೇಶಕ, "ಬಿಡು, ಬೆಟ್ಟದ ಗಾಳಿ ಇದ್ದಂಗಿದೆ" ಎಂದನಂತೆ. ನಲವತ್ತಾರು ವರ್ಷ ಪಕ್ಕದ ದಿಂಬಿನಿಂದ ಅದೇ ಸಿಳ್ಳು ಕೇಳಿಕೊಂಡು ಮಲಗಿದವಳಿಗೆ ಯಾರೂ ವಿವರಿಸಿ ಹೇಳಬೇಕಿರಲಿಲ್ಲ. ಹಳೆಯ ಧ್ವನಿಮುದ್ರಿಕೆಯನ್ನು ಹಾಕಿದ್ದಾರೆ. ತರುಣ ಬರೀ ಹಿಡಿದು ಕೂತಿದ್ದಾನೆ. ಊದುತ್ತಿರುವುದು ಅವನೇ.

"ಎಜೆ..."

"ಕೇಳಿಸ್ತು. ಬಾಯ್ಮುಚ್ಚಿ ಕೇಳು," ಎಂದಳು ಜೂರಾ. ಅವಳ ಗಲ್ಲದಿಂದ ಇಳಿಯುತ್ತಿದ್ದುದು ಮಳೆಯೋ ಅಲ್ಲವೋ.

ಕಣಿವೆ ಮುಗಿಯಿತು. ನಿರೂಪಕ ಕೈ ಎತ್ತಿದ. "ಕಹಳೆಯಲ್ಲಿ ನಮ್ಮ ಎರ್ಲಾನ್! ಜೋರಾಗಿ ಚಪ್ಪಾಳೆ!" ಚಪ್ಪಾಳೆ ಬಿತ್ತು. ಸತ್ತವನ ಉಸಿರಿಗೆ ಬದುಕಿರುವವನ ಹೆಸರು ಅಂಟಿಸಿ ಮುಗಿಸಿದರು. ಅಷ್ಟರಲ್ಲಿ ಆಲಿಕಲ್ಲು ಸುರಿಯಿತು. ಮೊದಲು ಎದ್ದವರು ಗಣ್ಯರು. ಅವರ ಕಾರುಗಳು ಚಪ್ಪರದ ಬಾಯಿಗೇ ಬಂದು ನಿಂತವು.

ಕಲಿಪಾ ಜೂರಾಳನ್ನು ಓಕ್ ಮರವೊಂದರ ಕೆಳಗೆ ನಿಲ್ಲಿಸಿ ವೇದಿಕೆಯ ಮೆಟ್ಟಿಲ ಬಳಿ ಹೋದಳು. ಎರ್ಲಾನ್ ಕಹಳೆಯನ್ನು ಕೋಟಿನೊಳಗೆ ಅವಚಿಕೊಂಡು ಇಳಿಯುತ್ತಿದ್ದ.

"ಏನಪ್ಪಾ, ಇಷ್ಟು ಊದಿದ್ರೂ ತುಟಿ ಮೇಲೆ ಗುರುತೇ ಬಿದ್ದಿಲ್ವಲ್ಲ."

ಅವನ ಮುಖ ಕೆಂಪಾಯಿತು. "ಬೈಬೇಡಿ ಅಪಾ. ಹಳೇ ರೆಕಾರ್ಡ್ ಹಾಕಿದ್ರು. ಸುಮ್ನೆ ತುಟಿಗಿಟ್ಕೊಂಡು ಕೂತ್ಕೋ ಅಂದ್ರು. ನಂಗೆ ನಾಚ್ಕೆಯಾಗಿ ಸತ್ತೋದೆ."

"ಗೊತ್ತು ಮಗಾ."

"ಅದನ್ನ ನೂರಾರು ಸಲ ಕೇಳಿ ಊದೋದು ಕಲ್ತೋನು ನಾನು. ಅದು ಯಾರು ಅಂತ ನಮ್ಮ ಮೇಷ್ಟ್ರಿಗೂ ಗೊತ್ತಿರ್ಲಿಲ್ಲ. ನಿಮಗೇನಾದ್ರೂ ಗೊತ್ತಾ?"

ಐವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಬ್ಬ ತಾನಾಗಿ ಕೇಳಿದ.

"ಅವರು... ನಮ್ಮ..." ಅವಳ ಕೈ ಕೈಚೀಲಕ್ಕೆ ಹೋಯಿತು. ನೌಕರಿ ಪುಸ್ತಕ ನೆನೆದೀತೆಂದು ಮನೆಯ ಪೆಟ್ಟಿಗೆಯಲ್ಲೇ ಬಿಟ್ಟು ಬಂದಿದ್ದಳು. ಅವಳು ಮರದ ಕಡೆ ತಿರುಗಿದಳು. ಗಾಜು ಒಡೆಯುವಂತೆ ಕೂಗುವ ಜೂರಾ ಈಗ ಕೋಲೂರಿ ಸುಮ್ಮನೆ ನಿಂತು ನೋಡುತ್ತಿದ್ದಳು.

"ಸತಾರ್‌ಕುಲ್," ಎಂದಳು ಕಲಿಪಾ. ಅದು ತನ್ನ ಧ್ವನಿ ಎಂದು ಅವಳಿಗೇ ಅನಿಸಲಿಲ್ಲ.

ವೇದಿಕೆಯ ತಗಡಿನ ಮೆಟ್ಟಿಲ ಮೇಲೆ ಆಲಿಕಲ್ಲು ಹುರಿದಂತೆ ಸಿಡಿಯುತ್ತಿತ್ತು. "ಯಾರು ಅಪಾ?"

"ಸತಾರ್‌ಕುಲ್!"

"ಎರ್ಲಾನ್, ಬಸ್ಸು ಹೊರಡ್ತಿದೆ, ಬಾರೋ!" ಎಂದು ಯಾರೋ ಕಿರುಚಿದರು. ಅವನು ಎದೆಯ ಮೇಲೆ ಕೈಯಿಟ್ಟು ಬಾಗಿ ಓಡಿದ. ಕೇಳಿಸಿಕೊಂಡನೋ, ಮುದುಕಿಗೆ ಮರ್ಯಾದೆ ತೋರಿಸಿದನಷ್ಟೆಯೋ ತಿಳಿಯಲಿಲ್ಲ.

ಕಲಿಪಾ ಮರದ ಕೆಳಗೆ ವಾಪಸು ಬಂದಳು.

"ಹೇಳೇಬಿಟ್ಯಲ್ಲೇ," ಎಂದಳು ಜೂರಾ.

"ತಪ್ಪಾಯ್ತಾ ಎಜೆ?"

ಜೂರಾ ತನ್ನ ಶಾಲಿನ ನೆನೆಯದ ಅಂಚು ಹುಡುಕಿ ಅವಳ ಮುಖ ಒರೆಸಿದಳು. ಇಬ್ಬರೂ ಖಾಲಿ ಕುರ್ಚಿಗಳನ್ನು ನೋಡುತ್ತ ನಿಂತರು. ಕಲಿಪಾ ಹೇಳಿದಳು:

"ಇದ್ದಾಗ ಒಂದೇ ಒಂದು ಸಲ ಹಾಗೆ ಕರೆದಿದ್ರೆ ಓ ಅಂತಿದ್ರು, ಅಲ್ವಾ ಎಜೆ?"

"ಅಂತಿದ್ದ," ಎಂದಳು ಜೂರಾ.