ಕುರಿ ತಡೆದ ಗೋಲು

ನಾನು ದೈಹಿಕ ಶಿಕ್ಷಕ. ಪರಶುರಾಂಪುರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಕಬಡ್ಡಿ, ಖೊಖೊ ಹೇಳಿಕೊಡುತ್ತೇನೆ. ನಮ್ಮ ಸೀಮೆಯಲ್ಲಿ ಫುಟ್‌ಬಾಲ್ ಆಡುವವರು ಕಡಿಮೆ, ಆಡಿಸುವವರು ಇನ್ನೂ ಕಡಿಮೆ. ಹೀಗಾಗಿ ರೆಫರಿ ಪರೀಕ್ಷೆ ಪಾಸು ಮಾಡಿದಂದಿನಿಂದ ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕಿನಲ್ಲಿ ಎಲ್ಲಿ ಪಂದ್ಯ ನಡೆದರೂ ಫೋನು ನನಗೇ ಬರುತ್ತದೆ. ಭಾನುವಾರ ಕಪ್ಪು ಅಂಗಿ ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತೇನೆ.

ಈ ಆಟಕ್ಕೆ ಇರುವುದು ಹದಿನೇಳೇ ನಿಯಮ. ಆದರೆ ಒಂದೊಂದರ ಕೆಳಗೂ ಸಣ್ಣ ಅಕ್ಷರದಲ್ಲಿ ಪುಟಗಟ್ಟಲೆ ವಿವರಣೆ. ಪರೀಕ್ಷೆಗೆ ಓದುವಾಗ ಅದರಲ್ಲಿ ಕೆಲವನ್ನು ನಗುತ್ತಲೇ ಬಾಯಿಪಾಠ ಮಾಡಿದ್ದೆ. ಚೆಂಡಿಗೆ ಹೊರಗಿನ ಪ್ರಾಣಿ ಅಡ್ಡ ಬಂದರೆ ಏನು ಮಾಡಬೇಕು ಎನ್ನುವುದು ಅಂಥದ್ದೊಂದು. ಇದು ಯಾವ ಕಾಲಕ್ಕೆ ನನ್ನ ಉಪಯೋಗಕ್ಕೆ ಬಂದೀತು ಅಂದುಕೊಂಡಿದ್ದೆ.

ಹೋದ ವರ್ಷ ಮೊಳಕಾಲ್ಮುರಿನಲ್ಲಿ ಎಂಟು ತಂಡಗಳ ಒಂದು ಟೂರ್ನಿ ನಡೆಯಿತು. ಫೈನಲಿಗೆ ಬಂದದ್ದು ಅದೇ ಊರಿನ ನೇಕಾರರ ತಂಡ ಮತ್ತು ಚಳ್ಳಕೆರೆಯಿಂದ ಬಂದಿದ್ದ ಎಣ್ಣೆ ಮಿಲ್ಲಿನ ಕೆಲಸಗಾರರ ತಂಡ. ಮಿಲ್ಲಿನವರ ಕ್ಯಾಪ್ಟನ್ ದಿನವಿಡೀ ಶೇಂಗಾ ಮೂಟೆ ಹೊರುವ ಆಳು, ಅಗಲವಾದ ಭುಜದವನು. ನೇಕಾರರ ಗೋಲ್‌ಕೀಪರ್ ನಲವತ್ತರ ಹತ್ತಿರದ ಸಣಕಲ ಮನುಷ್ಯ. ವಾರವೆಲ್ಲ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುವವನು. ಆತನನ್ನು ಗೋಲಿನಲ್ಲಿ ನೋಡಿದಾಗ, ಬೇರೆ ಯಾರೂ ಸಿಕ್ಕದೆ ನಿಲ್ಲಿಸಿದ್ದಾರೇನೋ ಅಂತ ಮೊದಲು ಅನ್ನಿಸಿತ್ತು. ಅರ್ಧ ಗಂಟೆಯೊಳಗೆ ಆ ಅನುಮಾನ ಹೋಯಿತು.

ಆಟ ಮುಗಿಯಲು ಆರೇಳು ನಿಮಿಷ ಉಳಿದಿತ್ತು. ಎರಡೂ ಕಡೆ ಒಂದೊಂದು ಗೋಲು. ಬಿಸಿಲು ಇಳಿದು ಬಂಡೆಗುಡ್ಡದ ನೆರಳು ಮೈದಾನದ ಅರ್ಧದವರೆಗೂ ಚಾಚಿತ್ತು. ಮೈದಾನಕ್ಕೆ ಬೇಲಿಯಿಲ್ಲ, ಮೇಯಿಸಿಕೊಂಡು ಮರಳುತ್ತಿದ್ದ ಕುರಿಮಂದೆಯೊಂದು ನೇಕಾರರ ಗೋಲಿನ ಹಿಂದಿನ ದಾರಿಯಲ್ಲಿ ಧೂಳೆಬ್ಬಿಸುತ್ತಾ ಹೋಗುತ್ತಿತ್ತು. ಅದೇ ಹೊತ್ತಿಗೆ ಗೋಲ್‌ಕೀಪರ್ ಚೆಂಡನ್ನು ತಡೆಯಲು ಬಹಳ ಮುಂದೆ ಓಡಿ ಬಂದ, ಕಾಲಿಗೆ ಸಿಗಲಿಲ್ಲ. ಮಿಲ್ಲಿನ ಕ್ಯಾಪ್ಟನ್ ಅವನನ್ನು ದಾಟಿಸಿ ಖಾಲಿ ಗೋಲಿನತ್ತ ಚೆಂಡನ್ನು ಮೆಲ್ಲಗೆ ಉರುಳಿಸಿದ. ಆಗಲೇ ಎರಡೂ ಕೈ ಮೇಲೆತ್ತಿದ್ದ.

ಮಂದೆಯಿಂದ ಬೆದರಿ ತಪ್ಪಿಸಿಕೊಂಡ ಒಂದು ಕುರಿ ಕಂಬದ ಪಕ್ಕದಿಂದ ಒಳಗೆ ನುಗ್ಗಿತು. ಚೆಂಡು ಅದರ ಹೊಟ್ಟೆಗೆ ಬಡಿದು ಗೆರೆಗೆ ಒಂದು ಮೊಳ ಈಚೆ ನಿಂತುಬಿಟ್ಟಿತು.

ನಾನು ಸೀಟಿ ಊದಿದೆ. ಗೋಲು ಇಲ್ಲ ಎಂದು ಕೈ ಮಾಡಿದೆ. ಮಿಲ್ಲಿನವರು ಸುತ್ತುವರಿದರು. ಕ್ಯಾಪ್ಟನ್ ತನ್ನವರನ್ನು ಹಿಂದಕ್ಕೆ ಸರಿಸಿ ಮುಂದೆ ಬಂದ. ಕೂಗಾಡಲಿಲ್ಲ.

"ಅಲ್ಲಿ ತಡಿಯಾಕೆ ಯಾರಾರ ಇದ್ರಾ ಸಾರ್?"

"ಯಾರೂ ಇರ್ಲಿಲ್ಲ."

"ಕುರಿ ಬರ್ದಿದ್ರೆ ಒಳಗೆ ಹೋಗ್ತಿತ್ತೋ ಇಲ್ವೋ, ನೀವೇ ಹೇಳ್ರಿ."

"ಹೋಗ್ತಿತ್ತು."

"ಮತ್ತೆ?"

"ಹೋಗ್ಲಿಲ್ಲಪ್ಪ. ಗೆರೆ ದಾಟ್ದೆ ಇರೋದನ್ನ ಗೋಲು ಅಂತ ಕೊಡೋ ಅಧಿಕಾರ ನನಗಿಲ್ಲ."

ಹೇಳುವಾಗ ನನಗೇ ಸಂಕಟವಾಗುತ್ತಿತ್ತು. ಆತ ತನ್ನವರನ್ನು ಕರೆದುಕೊಂಡು ಹಿಂದಕ್ಕೆ ಹೋದ. ಅಷ್ಟರಲ್ಲಿ ಕುರಿ ಕಾಯುವ ಅಜ್ಜ ಓಡಿಬಂದು ಕುರಿಯ ಕಿವಿ ಹಿಡಿದುಕೊಂಡು ನಿಂತಿದ್ದ.

"ತಪ್ಪಾತು ಸಾಮಿ. ದಂಡ ಏನಾರ ಐತಾ?"

"ಏನೂ ಇಲ್ಲ ಅಜ್ಜ. ನಿಮಗೂ ಇಲ್ಲ, ಕುರಿಗೂ ಇಲ್ಲ. ಸ್ವಲ್ಪ ಆಚೆ ಹಿಡ್ಕೊಳ್ರಿ."

ಹೀಗೆ ಆಟ ನಿಂತಾಗ ಮತ್ತೆ ಶುರುಮಾಡುವ ಕ್ರಮವೂ ಪುಸ್ತಕದಲ್ಲಿದೆ. ಚೆಂಡು ಗೋಲಿನ ಮುಂದಿನ ದೊಡ್ಡ ಚೌಕದಲ್ಲಿದ್ದರೆ ರೆಫರಿ ಅದನ್ನು ಗೋಲ್‌ಕೀಪರನ ಮುಂದೆ ಕೈಯಿಂದ ನೆಲಕ್ಕೆ ಬಿಡಬೇಕು. ಉಳಿದವರೆಲ್ಲ ದೂರ ನಿಲ್ಲಬೇಕು. ಎಲ್ಲರನ್ನೂ ಸರಿಸಿ ಚೆಂಡು ಬಿಟ್ಟೆ. ಗೋಲ್‌ಕೀಪರ್ ಅದನ್ನು ಕೈಗೆ ಎತ್ತಿಕೊಳ್ಳಲಿಲ್ಲ. ತಲೆಯೆತ್ತಿ ಒಮ್ಮೆ ಮಿಲ್ಲಿನ ಕ್ಯಾಪ್ಟನ್‌ನ ಕಡೆ ನೋಡಿದ. ಆಮೇಲೆ ಬೆನ್ನು ತಿರುಗಿಸಿ ತನ್ನದೇ ಗೋಲಿಗೆ ಮುಖ ಮಾಡಿದ.

"ಒದ್ದು ರಾ, ಒದ್ದು," ಎಂದು ಅವನ ತಂಡದವನೊಬ್ಬ ತೆಲುಗಿನಲ್ಲಿ ಕೂಗಿದ. ಬೇಡ ಎಂದು ಅದರ ಅರ್ಥ. ಚಳ್ಳಕೆರೆಯವರಲ್ಲಿ ತೆಲುಗು ಬಾರದವರಿಗೆ ಅದು ಒದೆ ಎಂದು ಹೇಳಿದ ಹಾಗೆ ಕೇಳಿಸಿರಬೇಕು. ಗೋಲ್‌ಕೀಪರ್ ಪಾದದ ಮಗ್ಗುಲಿನಿಂದ ಚೆಂಡನ್ನು ತನ್ನ ಬಲೆಯೊಳಕ್ಕೆ ತಳ್ಳಿದ.

 ಒಮ್ಮೆಲೇ ಗದ್ದಲ ಎದ್ದಿತು. ಮಿಲ್ಲಿನ ಕ್ಯಾಪ್ಟನ್ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ.  ಸೀಟಿ ತುಟಿಯಲ್ಲಿದ್ದರೂ ಗೋಲು ಎಂದು ಊದಲಾಗಲಿಲ್ಲ. ಏಕೆಂದರೆ ಅದಕ್ಕೂ ಒಂದು ಸಾಲು ನನಗೆ ಗೊತ್ತಿತ್ತು. ರೆಫರಿ ಬಿಟ್ಟ ಚೆಂಡು ಕನಿಷ್ಠ ಇಬ್ಬರು ಆಟಗಾರರಿಗೆ ತಾಗದೆ ಗೋಲಿಗೆ ಹೋದರೆ ಗೋಲಲ್ಲ. ತನ್ನದೇ ಗೋಲಿಗೆ ಹೋಗಿದ್ದರೆ ಎದುರಾಳಿಗೆ ಕಾರ್ನರ್ ಕಿಕ್, ಅಷ್ಟೇ.

ಸೀಟಿ ಊದಿ ಮೂಲೆಯ ಬಾವುಟದತ್ತ ಕೈ ತೋರಿಸಿದೆ.

ಗೋಲ್‌ಕೀಪರ್ ಹತ್ತಿರ ಬಂದ. "ಅವರ ಗೋಲು ಅವರಿಗೆ ಕೊಟ್ಟೀನಿ ಸಾರ್. ನಾನೇ ಒಪ್ಕೊಂಡ್ಮೇಲೆ ನಿಮಗೇನ್ ತೊಂದ್ರೆ?"

"ನೀವು ಕೊಟ್ರೂ ನಾನು ಲೆಕ್ಕಕ್ಕೆ ಹಿಡಿಯಂಗಿಲ್ರಿ. ಕಾರ್ನರ್."

"ಇದೂ ಬರ್ದೈತಾ?"

"ಬರ್ದೈತೆ."

ಆತ ತಲೆಯಾಡಿಸಿ ಗೋಲಿಗೆ ಹೋಗಿ ನಿಂತ. ಕಾರ್ನರಿನಿಂದ ಬಂದ ಚೆಂಡನ್ನು ಕ್ಯಾಪ್ಟನ್ ತಲೆಯಿಂದ ಬಲವಾಗಿ ಹೊಡೆದ. ಆ ಸಣಕಲ ಮನುಷ್ಯ ಕಂಬದ ಬುಡಕ್ಕೆ ಹಾರಿ ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡ. ಒಂದು ನಿಮಿಷದ ಹಿಂದೆ ಗೋಲನ್ನು ದಾನ ಮಾಡಿದ್ದವನು ಈತನೇ ಎಂದರೆ ನಂಬುವ ಹಾಗಿರಲಿಲ್ಲ.

ಪಂದ್ಯ ಸಮವಾಗಿಯೇ ಮುಗಿದು ಪೆನಾಲ್ಟಿಗೆ ಹೋಯಿತು. ಕೊನೆಯದಾಗಿ ಒದ್ದವನು ಮಿಲ್ಲಿನ ಕ್ಯಾಪ್ಟನ್. ಅದನ್ನೂ ಆ ಗೋಲ್‌ಕೀಪರ್ ತಡೆದ. ನೇಕಾರರು ಗೆದ್ದರು. ಕ್ಯಾಪ್ಟನ್ ನೆಲದ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಹೋಗಿ ಗೋಲ್‌ಕೀಪರನ ಕೈ ಹಿಡಿದು ಅಂಗೈ ಮಗುಚಿ ನೋಡಿದ. ಬೆರಳುಗಳ ತುಂಬ ರೇಷ್ಮೆ ಎಳೆ ಕೊಯ್ದ ಗೀರುಗಳಿದ್ದವು.

"ಇಷ್ಟು ಸಣ್ಣ ಕೈ ಅಣ್ಣ ನಿಂದು," ಎಂದ.

ಆಮೇಲೆ ಇಬ್ಬರೂ ನನ್ನ ಬಳಿ ಬಂದು ಪುಸ್ತಕ ತೋರಿಸಿ ಎಂದರು. ಚೀಲದಿಂದ ಪುಸ್ತಕ ತೆಗೆದು, ಗೋಲು ಕಂಬದ ಪಕ್ಕ ಕೂತು, ಇಂಗ್ಲಿಷಿನ ಆ ಎರಡು ಸಾಲುಗಳನ್ನು ಕನ್ನಡದಲ್ಲಿ ಹೇಳಿದೆ. ಕುರಿ ಕಾಯುವ ಅಜ್ಜನೂ ಮಂದೆ ನಿಲ್ಲಿಸಿ ಕೇಳಿಸಿಕೊಂಡ.

"ಬರ್ದಾತ ಕುರಿ ಕಾದಿದ್ನೋ ಏನೋ," ಎಂದ ಅಜ್ಜ.

ಕ್ಯಾಪ್ಟನ್ ಬೇರೆಯೇ ಯೋಚನೆಯಲ್ಲಿದ್ದ. "ಹಂಗಾದ್ರೆ ಈ ಅಣ್ಣ ಮಾಡಿದಂಗೆ ಎಲ್ಲೋ ಯಾರೋ ಮೊದ್ಲೇ ಮಾಡವ್ರೆ. ಇಲ್ದಿದ್ರೆ ಯಾಕೆ ಬರೀತಾರೆ?"

ನನಗೆ ಆ ಮಾತು ಹೊಳೆದೇ ಇರಲಿಲ್ಲ. ಪರೀಕ್ಷೆಗೆಂದು ಕಂಠಪಾಠ ಮಾಡಿದ್ದ ಸಾಲುಗಳ ಹಿಂದೆ ಯಾವುದೋ ದೇಶದ, ಯಾವುದೋ ಬಯಲಿನ ಮನುಷ್ಯರು ನಿಂತಿರಬಹುದು ಎಂದು ಮೊದಲ ಸಲ ಅನ್ನಿಸಿತು. ಗೋಲ್‌ಕೀಪರನನ್ನು ಕೇಳಿದೆ: "ಗೋಲು ಕೊಡಬೇಕು ಅಂತಿದ್ರಲ್ಲ, ಕಾರ್ನರ್ ಯಾಕೆ ಬಿಡ್ಲಿಲ್ಲ?"

"ಅದು ಹೊಸ ಚೆಂಡು ಸಾರ್," ಎಂದ ಆತ. "ಮೊದ್ಲಿಂದು ಅವರದು, ಕೊಟ್ಟೆ. ನೀವು ಬ್ಯಾಡ ಅಂದ್ರಿ, ಅಲ್ಲಿಗೆ ಮುಗೀತು. ಇದನ್ನ ಬಿಟ್ರೆ ನಮ್ಮೋರಿಗೆ ಮೋಸ ಮಾಡ್ದಂಗೆ."

ಪುಸ್ತಕ ಓದಿದವನು ನಾನು. ನಿಯಮ ಎಂದರೇನು ಎಂದು ನನಗಿಂತ ಚೆನ್ನಾಗಿ ತಿಳಿದಿದ್ದವನು ಆತ.

ಮರುದಿನ ಪಂದ್ಯದ ವರದಿ ತುಂಬಲು ಕೂತೆ. ಎಚ್ಚರಿಕೆಗೆ, ಹೊರಹಾಕಿದ್ದಕ್ಕೆ, ಗಾಯಕ್ಕೆ, ಅಡಚಣೆಗೆ ಬೇರೆ ಬೇರೆ ಕಾಲಂ ಇದ್ದವು. ಕುರಿಯನ್ನು ಅಡಚಣೆಯ ಕಾಲಮ್ಮಿನಲ್ಲಿ ಬರೆದೆ. ಆ ಗೋಲ್‌ಕೀಪರ್ ಮಾಡಿದ್ದನ್ನು ಎಲ್ಲಿ ಬರೆಯಬೇಕೋ ತಿಳಿಯಲಿಲ್ಲ. ಹಾಳೆ ತಿರುವಿ, ಹಿಂಬದಿಯ ಖಾಲಿ ಜಾಗದಲ್ಲಿ, ನಡೆದದ್ದನ್ನು ನಡೆದ ಹಾಗೆ ನಾಲ್ಕು ಸಾಲು ಬರೆದು ಸಹಿ ಹಾಕಿದೆ.