ಅಕ್ಕನ ಹುಳುಮನೆಯ ಬೀಗದ ಕೈ

೧೯೫೯ನೇ ಇಸವಿ; ನನಗಾಗ ಇಪ್ಪತ್ತೇಳು ವರ್ಷ. ಅಂಬಾಜಿದುರ್ಗದ ಬುಡದ ಹಳ್ಳಿಯೊಂದಕ್ಕೆ ಉಪಾಧ್ಯಾಯನಾಗಿ ಬಂದ ದಿನ ನಾನು ಮೊದಲು ಗಮನಿಸಿದ್ದು ಅಕ್ಕನ ಕೈಗಳನ್ನು. ಹಿಪ್ಪುನೇರಳೆ ಸೊಪ್ಪು ಬಿಡಿಸಿ ಬಿಡಿಸಿ ಬೆರಳುಗಳು ಹಸಿರುಗಪ್ಪಾಗಿದ್ದವು. ಉಗುರುಗಳನ್ನು ಮಾತ್ರ ಒತ್ತಿ ಕತ್ತರಿಸಿ, ಉಜ್ಜಿ ಉಜ್ಜಿ ಬೆಳ್ಳಗಿಟ್ಟಿದ್ದರು. ಊರೆಲ್ಲ ಅವರನ್ನು ‘ಅಕ್ಕ’ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆದೆ.

ಗಂಡ ತೀರಿಕೊಂಡ ಮೇಲೆ ಅಕ್ಕ ಪೇಟೆಯ ಆಸ್ಪತ್ರೆಯೊಂದರಲ್ಲಿ ಹೆರಿಗೆಯ ಕೆಲಸ ಕಲಿತು ಊರಿಗೆ ಮರಳಿದ್ದರು. ಯಾರು ಕರೆದರೂ ಹೋಗುವರು. ಯಾರಿಂದಲೂ ಏನನ್ನೂ ಪಡೆಯರು. ಅವರ ಹೊಟ್ಟೆಪಾಡು ರೇಷ್ಮೆಹುಳುಗಳಿಂದ. ಮನೆಯಲ್ಲಿ ಮತ್ತೊಬ್ಬರಿರಲಿಲ್ಲ.

ಆ ಆಷಾಢದಲ್ಲಿ ಒಂದು ಹೆರಿಗೆ ಎರಡು ದಿನ ಎಳೆಯಿತು. ತಾಯಿ, ಮಗು ಉಳಿದರು. ಆದರೆ ಅಕ್ಕ ಮನೆಗೆ ಬಂದಾಗ ಹಸಿದ ಹುಳುಗಳು ತಟ್ಟೆಗಳಲ್ಲೇ ಸತ್ತಿದ್ದವು. ನೆರೆಯವರಾರೂ ಸೊಪ್ಪು ಹಾಕಿರಲಿಲ್ಲ. ಹುಳು ಮೇಯುವಾಗ ಹೊರಗಿನವರು ಹುಳುಮನೆಯ ಹೊಸ್ತಿಲು ದಾಟಬಾರದೆಂಬುದು ಅಲ್ಲಿನ ಕಟ್ಟು. ದಾಟಿದ ಮೇಲೆ ಗೂಡಿನ ಬೆಳೆ ಕೆಟ್ಟರೆ ದೂರೆಲ್ಲ ದಾಟಿದವರ ತಲೆಗೆ. ಹೆರಿಗೆಯಾದ ಮನೆಯವರು ಅಕ್ಕನಿಗೆ ಭಕ್ತಿಯಿಂದ ಕೈಮುಗಿದರು, ಅಷ್ಟೆ.

“ಕೈ ಮುಗಿದ್ರೆ ಹುಳ ಮೇಯಲ್ಲ, ಮೇಷ್ಟ್ರೇ. ನಿಮ್ಮನೆಯವರಿಗೆ ಮಾತು ಕೊಟ್ಟಿದ್ದೀನಿ, ಅದೊಂದು ನೋಡ್ತೀನಿ. ಆಮೇಲೆ ಯಾರೂ ನನ್ನ ಕರೀಬೇಡಿ” ಎಂದರು ಅಕ್ಕ.

ನನ್ನ ಹೆಂಡತಿ ಆಗ ಎಂಟು ತಿಂಗಳ ಬಸುರಿ. ಅಕ್ಕನ ಮಾತು ಕೇಳಿ ನನಗೆ ತಮ್ಮ ಸರದಿಗಾಗಿ ಕಾದಿದ್ದ ಊರಿನ ಉಳಿದ ಬಸುರಿಯರೆಲ್ಲ ಕಣ್ಮುಂದೆ ಬಂದರು. “ನಾನೇ ಸೊಪ್ಪು ಹಾಕುತ್ತೇನೆ” ಎಂದೆ.

“ನೀವಾ? ಒಂದೊಂದು ಹುಳಾನೂ ಸಾಲಾಗಿ ಕೂರ್ಸಿ ಹಾಜರಿ ಕೂಗೋಷ್ಟ್ರಲ್ಲಿ ಎಲ್ಲಾ ಸತ್ತಿರ್ತವೆ!”

ಶಾಲೆ ಬಿಟ್ಟ ಮೇಲೆ ಮನೆಮನೆಗೆ ಹೋದೆ. ಅಕ್ಕ ಹೆರಿಗೆಗೆ ಹೋದಾಗ ಸರದಿಯಂತೆ ಒಬ್ಬರು ಅವರ ಹುಳುಗಳನ್ನು ನೋಡಿಕೊಳ್ಳಬೇಕೆಂದು ಬೇಡಿದೆ. ಎಲ್ಲರೂ ಅಕ್ಕನ ಪಕ್ಕದ ಮನೆಯ ಅಜ್ಜಿಯತ್ತ ಬೆರಳು ತೋರಿದರು. ಕಟ್ಟುಕಟ್ಟಳೆಯಲ್ಲಿ ಆಕೆಯ ಮಾತೇ ಕೊನೆಯದು.

“ಏಮಯ್ಯಾ ಮೇಷ್ಟ್ರೇ, ಬೆಳೆ ಹೋದ್ರೆ ಮುದುಕಿ ಕಾಲಿಟ್ಳು ಅಂತಾರೆ. ಆಗ ನೀನು ಬರ್ತೀಯಾ ಬಿಡಿಸೋಕೆ?” ಎಂದಳು ಅಜ್ಜಿ.

ಈ ಮಾತು ಅಕ್ಕನ ಕಿವಿಗೆ ಬಿತ್ತು. ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ, ಎಲ್ಲ ಹೆಂಗಸರ ಎದುರಿಗೆ, ಹುಳುಮನೆಯ ಬೀಗದ ಎರಡು ಕೈಗಳಲ್ಲಿ ಒಂದನ್ನು ಅಜ್ಜಿಗೆ ಚಾಚಿದರು.

“ತಗೋ ಅಜ್ಜಿ. ಬೆಳೆ ಹೋದ್ರೆ ಹೋಗ್ಲಿ. ನಿನ್ ಕಾಲ್ಗುಣ ಅಂತ ನಾನೇನಾದ್ರೂ ಅಂದ್ರೆ ನನ್ ಮುಖಕ್ಕೆ ಉಗಿ.”

“ಉಗಿಯೋಕೆ ಬಾಯಲ್ಲಿ ಹಲ್ಲೇ ಇಲ್ವಲ್ಲೇ!” ಎಂದು ಅಜ್ಜಿ ಕೊಡ ಎತ್ತಿಕೊಂಡು ಹೊರಟಳು. ಅಕ್ಕ ಬೀಗದ ಕೈಯನ್ನು ಕಟ್ಟೆಯ ಮೇಲೆಯೇ ಬಿಟ್ಟುಬಂದರು. ಸಂಜೆ ಅದು ಅಲ್ಲಿರಲಿಲ್ಲ.

ಹೊಸ ಹುಳುಗಳು ಗೂಡು ಕಟ್ಟುವ ಮುಂಚಿನ ಕೊನೆಯ ಮೇವಿನಲ್ಲಿದ್ದಾಗಲೇ ನನ್ನ ಹೆಂಡತಿಗೆ ನೋವು ಬಂತು. ಅಕ್ಕ ಸೊಪ್ಪಿನ ಕುಕ್ಕೆ ಕೆಳಗಿಟ್ಟು ಬಂದರು. ಮಧ್ಯಾಹ್ನ, ಏನೂ ತೋಚದೆ ಬೀದಿಗೆ ಬಂದು ನಿಂತೆ. ಅಜ್ಜಿ ಮಿಂದು, ಒದ್ದೆ ಕೂದಲನ್ನು ಗಂಟು ಹಾಕಿಕೊಂಡು, ಸೊಪ್ಪಿನ ಕುಕ್ಕೆಯನ್ನು ಸೊಂಟದ ಮೇಲಿಟ್ಟುಕೊಂಡು ಅಕ್ಕನ ಹುಳುಮನೆಯ ಬೀಗ ತೆಗೆಯುತ್ತಿದ್ದಳು. ಹಿಂದೆ ಇಬ್ಬರು ಸೊಸೆಯರು.

“ಏನ್ ನೋಡ್ತೀಯಾ? ಹೋಗಿ ನೀರು ಕಾಯ್ಸು!” ಎಂದು ನನ್ನನ್ನು ಗದರಿ ಹೊಸ್ತಿಲು ದಾಟಿದಳು.

ಆ ಬೆಳೆ ಉಳಿಯಿತು. ಅಕ್ಕನೂ ಹೆರಿಗೆಯ ಕೆಲಸ ಬಿಡಲಿಲ್ಲ. ಅಜ್ಜಿಯ ಕಿರಿಯ ಸೊಸೆಗೂ ಅದನ್ನು ಕಲಿಸಿದರು. ಅಕ್ಕ ಈಗಿಲ್ಲ. ಹೆರಿಗೆಗೆ ಆ ಸೊಸೆ ಹೋಗುತ್ತಾಳೆ. ಆಕೆಯ ಹುಳುಗಳಿಗೆ ಊರಿನ ಹೆಂಗಸರು ಸರದಿಯಂತೆ ಸೊಪ್ಪು ಹಾಕುತ್ತಾರೆ. ಅದು ಅಜ್ಜ ಮುತ್ತಜ್ಜರ ಕಾಲದ ಪದ್ಧತಿಯೆಂದು ಅಲ್ಲಿನ ಕಿರಿಯರು ನಂಬಿದ್ದಾರೆ. ಅದು ತಪ್ಪು. ಆ ಪದ್ಧತಿ ಆರಂಭವಾದದ್ದು ನನ್ನ ಹಿರಿಯ ಮಗಳು ಹುಟ್ಟಿದ ದಿನ: ೧೯೫೯ನೇ ಇಸವಿ, ಆಗಸ್ಟ್ ಹದಿನಾರು, ಭಾನುವಾರ.